'ಕೇಳು' ಎಂಬ ಒಂದು ಪದ: ಈಜಿಪ್ಟಿನ ಹಳೆಯ ನುಡಿಗೆ ಮತ್ತೆ ಮಾತು ಬಂದ ಕಥೆ

ನಮ್ಮ ಮಾತಿನಲ್ಲಿ 'ಕೇಳು' ಅನ್ನುವ ಒಂದೇ ಪದಕ್ಕೆ ಎಷ್ಟೊಂದು ಕೆಲಸ! ಹಾಡು ಕೇಳು ಅಂದರೆ ಕಿವಿಗೊಡು. ದಾರಿ ಕೇಳು ಅಂದರೆ ವಿಚಾರಿಸು. ಸಾಲ ಕೇಳು ಅಂದರೆ ಬೇಡು. ಹೇಳಿದ ಮಾತು ಕೇಳು ಅಂದರೆ ಅದರಂತೆ ನಡೆದುಕೋ. 'ನಮ್ಮ ಗೋಳು ಕೇಳೋರು ಯಾರೂ ಇಲ್ಲ' ಅಂದಾಗಲಂತೂ ಅದು ನ್ಯಾಯದ ಮಾತೇ ಆಗಿಬಿಡುತ್ತದೆ. ಇಷ್ಟೆಲ್ಲ ಅರ್ಥಗಳನ್ನು ನಾವು ಯಾವ ನಿಘಂಟನ್ನೂ ನೋಡದೆ ಕಲಿತಿದ್ದೇವೆ. ಮನೆಯಲ್ಲಿ, ಕಟ್ಟೆಯ ಮೇಲೆ, ಸಂತೆಯಲ್ಲಿ ಜನ ಆಡುವುದನ್ನು ಕೇಳಿ ಕೇಳಿಯೇ ಕಲಿತದ್ದು.

ಹಾಗಾದರೆ ಆಡುವ ಜನವೇ ಇಲ್ಲದ ಭಾಷೆಯಲ್ಲಿ ಒಂದು ಪದದ ಅರ್ಥ ತಿಳಿಯುವುದು ಹೇಗೆ? 'ಕೇಳಿದ', 'ಕೇಳುತ್ತಾನೆ', 'ಕೇಳಲಿ' ಇವುಗಳಲ್ಲಿ ಯಾವುದು ಯಾವುದೆಂದು ಹೇಳಿಕೊಡುವವರು ಯಾರು? ಈ ಪ್ರಶ್ನೆ ಹಿಡಿದು ನಾವು ಪ್ರಾಚೀನ ಈಜಿಪ್ಟಿನ ಭಾಷೆಯ ಬಗ್ಗೆ ಓದುತ್ತಾ ಹೋದೆವು. ಅಲ್ಲಿ ನಮಗೆ ಸಿಕ್ಕಿದ್ದು ಇದೇ ಪದ. ಈಜಿಪ್ಟಿನವರು 'ಕೇಳು' ಅನ್ನುವುದಕ್ಕೆ ಬಳಸುತ್ತಿದ್ದ ಪದವನ್ನು ಇವತ್ತಿನ ವಿದ್ವಾಂಸರು 'ಸೆಜೆಮ್' ಎಂದು ಓದುತ್ತಾರೆ. ಆ ಭಾಷೆ ಕಲಿಯುವ ವಿದ್ಯಾರ್ಥಿಗಳಿಗೆ ಕ್ರಿಯಾಪದದ ರೂಪಗಳನ್ನು ಕಲಿಸುವುದೂ ಇದೇ ಪದದಿಂದ. ಈ ಒಂದು ಪದದ ಬೆನ್ನು ಹತ್ತಿ ಹೋದರೆ ಇಡೀ ಭಾಷೆಯ ಕಥೆ ಸಿಗುತ್ತದೆ.

ಕಿವಿ, ಗೂಬೆ, ಹಾವು

ಈಜಿಪ್ಟಿನ ದೇವಾಲಯ, ಗೋರಿಗಳ ಗೋಡೆ ಮೇಲಿನ ಬರಹವನ್ನು ಹೈರೋಗ್ಲಿಫ್ ಅನ್ನುತ್ತಾರೆ. ನೋಡುವುದಕ್ಕೆ ಬರೀ ಚಿತ್ರ. 'ಸೆಜೆಮ್' ಬರೆಯಲು ಮೊದಲು ಒಂದು ದನದ ಕಿವಿ ಬಿಡಿಸುತ್ತಾರೆ, ಪಕ್ಕದಲ್ಲಿ ಒಂದು ಗೂಬೆ. ಗೂಬೆಗೂ ಕೇಳುವುದಕ್ಕೂ ಸಂಬಂಧವಿಲ್ಲ. ಗೂಬೆಯ ಚಿತ್ರ ಅವರಿಗೆ 'ಮ್' ಅನ್ನುವ ಅಕ್ಷರ, ಅಷ್ಟೆ. ಅದರ ಮುಂದೆ ಕೊಂಬಿರುವ ಒಂದು ಹಾವು ಬಿಡಿಸಿದರೆ 'ಫ್' ಎಂಬ ಅಕ್ಷರ. ಪದದ ಕೊನೆಯಲ್ಲಿ ಬಂದ ಆ 'ಫ್' ಅಂದರೆ 'ಅವನು'. ಒಟ್ಟಿಗೆ 'ಸೆಜೆಮೆಫ್': ಅವನು ಕೇಳುತ್ತಾನೆ, ಅಥವಾ ಕೇಳಿದ, ಅಥವಾ ಕೇಳಲಿ.

ಇದೇನಿದು, ಮೂರು ಅರ್ಥ? ಕಾರಣ ಸರಳ. ಈಜಿಪ್ಟಿನವರು ಸ್ವರಗಳನ್ನು ಬರೆಯುತ್ತಿರಲಿಲ್ಲ, ವ್ಯಂಜನಗಳನ್ನು ಮಾತ್ರ ಬರೆಯುತ್ತಿದ್ದರು. 'ಸೆಜೆಮ್' ಎಂಬಲ್ಲಿನ ಎರಡು 'ಎ'ಕಾರಗಳು ಇವತ್ತಿನ ವಿದ್ವಾಂಸರು ಬಾಯಿಗೆ ಅನುಕೂಲವಾಗಲಿ ಎಂದು ಸೇರಿಸಿಕೊಂಡದ್ದು. ಗೋಡೆಯ ಮೇಲೆ ಇರುವುದು ಸ್, ಜ್, ಮ್ ಅಷ್ಟೆ.

ಇದರ ಕಷ್ಟ ಗೊತ್ತಾಗಬೇಕಾದರೆ ಕನ್ನಡದಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಕ್, ಳ್, ದ್ ಎಂದು ಮಾತ್ರ ಬರೆದಿದೆ ಅಂದುಕೊಳ್ಳಿ. ಅದು 'ಕೇಳಿದ' ಆಗಬಹುದು, 'ಕೇಳಿದೆ' ಆಗಬಹುದು, 'ಕೇಳದೆ' ಆಗಬಹುದು, 'ಕಳೆದ' ಆಗಬಹುದು, 'ಕೊಳದ' ಕೂಡ ಆಗಬಹುದು. 'ಕೇಳಿದ' ಮತ್ತು 'ಕೇಳದ' ಒಂದಕ್ಕೊಂದು ಪೂರ್ತಿ ವಿರುದ್ಧ. ಅವೆರಡರ ನಡುವೆ ಇರುವುದು ಒಂದು ಗುಡಿಸು ಮಾತ್ರ. ಈಜಿಪ್ಟಿನ ಬರಹದಲ್ಲಿ ಆ ಗುಡಿಸೇ ಇಲ್ಲ.

ಅದನ್ನು ಬರೆದವರಿಗೆ ಅದರಿಂದ ತೊಂದರೆ ಇರಲಿಲ್ಲ. ವಾಟ್ಸ್ಆ್ಯಪಿನಲ್ಲಿ ಯಾರಾದರೂ ಸ್ವರ ನುಂಗಿ ನಾಲ್ಕೇ ಅಕ್ಷರ ಟೈಪ್ ಮಾಡಿ ಕಳಿಸಿದರೂ ನಮಗೆ ಅರ್ಥವಾಗುವುದಿಲ್ಲವೇ, ಹಾಗೆ. ಭಾಷೆ ಬಾಯಲ್ಲಿ ಇರುವವರೆಗೂ ಬರಹ ಅರ್ಧ ಇದ್ದರೆ ಸಾಕು. ಬಾಯಿ ಹೋದ ಮೇಲೆ ಉಳಿಯುವುದು ಆ ಅರ್ಧ ಮಾತ್ರ.

ಮನೆಗೆ ಕಾಲು ಬಂದರೆ

ಅರ್ಥದ ಗೊಂದಲ ತಪ್ಪಿಸಲು ಈಜಿಪ್ಟಿನವರು ಒಂದು ಜಾಣ ಉಪಾಯ ಮಾಡಿಕೊಂಡಿದ್ದರು. ಪದದ ಕೊನೆಗೆ ಉಚ್ಚಾರಣೆ ಇಲ್ಲದ ಒಂದು ಚಿತ್ರ ಸೇರಿಸುತ್ತಿದ್ದರು. ಅದನ್ನು ಓದುವಂತಿಲ್ಲ, ನೋಡಿ ಅರ್ಥ ಮಾಡಿಕೊಳ್ಳಬೇಕು, ಅಷ್ಟೆ.

'ಪ್-ರ್' ಎಂಬ ಪದ ತೆಗೆದುಕೊಳ್ಳಿ. ಬಾಗಿಲಿರುವ ಒಂದು ಮನೆಯ ನಕ್ಷೆ ಬಿಡಿಸಿದರೆ ಅದು 'ಮನೆ'. ಅದೇ ಅಕ್ಷರಗಳ ಮುಂದೆ ನಡೆಯುವ ಎರಡು ಕಾಲು ಬಿಡಿಸಿದರೆ 'ಹೊರಗೆ ಹೋಗು, ಹೊರಟು ಬಾ'. ಈ ಕ್ರಿಯಾಪದದಿಂದಲೇ ಅವರ ಒಂದು ಋತುವಿನ ಹೆಸರು ಹುಟ್ಟಿತು. ಅವರಿಗೆ ವರ್ಷಕ್ಕೆ ಮೂರು ಋತು: ನೈಲ್ ನದಿ ಉಕ್ಕಿ ಹೊಲ ಮುಳುಗುವ 'ಅಖೆತ್', ನೀರಿಳಿದು ಬೆಳೆ ಏಳುವ 'ಪೆರೆತ್', ಕೊಯ್ಲಿನ 'ಶೆಮು'. 'ಪೆರೆತ್' ಅಂದರೆ ಹೊರಬರುವ ಕಾಲ. ನೀರಿನಡಿಯಿಂದ ನೆಲ ಹೊರಬರುತ್ತದೆ, ನೆಲದಿಂದ ಪೈರು ಹೊರಬರುತ್ತದೆ.

'ಮ್-ರ್' ಎಂಬುದು ಇನ್ನೂ ಸ್ವಾರಸ್ಯದ್ದು. ಬಾಯಿಗೆ ಕೈ ಇಟ್ಟ ಮನುಷ್ಯನ ಚಿತ್ರ ಸೇರಿದರೆ 'ಪ್ರೀತಿಸು'. ಗುಬ್ಬಿಯ ಚಿತ್ರ ಸೇರಿದರೆ 'ಕಾಯಿಲೆ ಬೀಳು'. ಪಿರಮಿಡ್ಡಿನ ಚಿತ್ರ ಸೇರಿದರೆ 'ಪಿರಮಿಡ್'. ಗುಬ್ಬಿ ಯಾಕೆ? ಕೆಟ್ಟದ್ದು, ಸಣ್ಣದು, ದುರ್ಬಲವಾದದ್ದು ಇವೆಲ್ಲಕ್ಕೂ ಅವರು ಗುಬ್ಬಿಯನ್ನೇ ಗುರುತು ಮಾಡಿಕೊಂಡಿದ್ದರು. ಕಾಳು ತಿನ್ನುವ ಹಕ್ಕಿ ಎಂದು ಸಿಟ್ಟಿತ್ತೋ ಏನೋ! ಆದರೆ ಬಾಲ ಕವಲೊಡೆದ ಕವಲುತೋಕೆಯ ಚಿತ್ರ ಬಂದರೆ ಅದು 'ದೊಡ್ಡದು'. ಎರಡು ಹಕ್ಕಿಗಳಿಗೂ ಬಾಲದಲ್ಲಿ ಮಾತ್ರ ವ್ಯತ್ಯಾಸ. ಕಲ್ಲು ಸ್ವಲ್ಪ ಸವೆದಿದ್ದರೆ ದೊಡ್ಡದು ಕೆಟ್ಟದ್ದಾಗಿ ಕಾಣಬಹುದು.

ಈ ಗುಟ್ಟು ಗೊತ್ತಿಲ್ಲದವರು ಚಿತ್ರ ನೋಡಿ ಕಥೆ ಕಟ್ಟಿದರು. ಸುಮಾರು 5ನೇ ಶತಮಾನದ ಹೋರಾಪೋಲ್ಲೋ ಎಂಬವನ ಹೆಸರಿನಲ್ಲಿ ಒಂದು ಗ್ರೀಕ್ ಪುಸ್ತಕ ಇದೆ. 'ಮಗ' ಎಂದು ಬರೆಯಲು ಈಜಿಪ್ಟಿನವರು ಬಾತುಕೋಳಿ ಜಾತಿಯ ಹಕ್ಕಿ ಬಿಡಿಸುತ್ತಾರೆ, ಯಾಕೆಂದರೆ ಆ ಹಕ್ಕಿಗೆ ಮರಿಗಳ ಮೇಲೆ ಬಹಳ ಪ್ರೀತಿ ಎಂದು ಅದರಲ್ಲಿ ವಿವರಣೆ ಇದೆ. ಅರ್ಥ ಸರಿ, ಕಾರಣ ತಪ್ಪು. ನಿಜವೇನೆಂದರೆ ಆ ಬಾತುಕೋಳಿಯ ಚಿತ್ರಕ್ಕೆ 'ಸಾ' ಎಂಬ ಉಚ್ಚಾರಣೆ, ಮಗನಿಗೂ 'ಸಾ' ಎಂದೇ ಉಚ್ಚಾರಣೆ. ಅಷ್ಟೇ ಸಂಬಂಧ. ಆದರೆ ಚಿತ್ರದಲ್ಲಿ ಗೂಢಾರ್ಥ ಹುಡುಕುವ ಈ ಅಭ್ಯಾಸ ಸಾವಿರ ವರ್ಷಕ್ಕೂ ಮೀರಿ ಯುರೋಪಿನ ಪಂಡಿತರನ್ನು ದಾರಿ ತಪ್ಪಿಸಿತು. ಪ್ರತಿ ಚಿತ್ರಕ್ಕೂ ಒಂದು ವೇದಾಂತ ಹಚ್ಚಿದರೇ ಹೊರತು ಅದು ಜನ ಆಡುತ್ತಿದ್ದ ಮಾತು, ಅದಕ್ಕೆ ಕ್ರಿಯಾಪದ ಇದೆ, ವ್ಯಾಕರಣ ಇದೆ ಎಂದು ಬಹಳ ಜನಕ್ಕೆ ಹೊಳೆಯಲಿಲ್ಲ.

'ಹೆರು' ಎಂಬ ಪದ ತೆರೆದ ಬಾಗಿಲು

ಕೊನೆಯ ಹೈರೋಗ್ಲಿಫ್ ಶಾಸನ ಕ್ರಿ.ಶ. 394ರ ಆಗಸ್ಟ್ 24ರದ್ದು. ದಕ್ಷಿಣ ಈಜಿಪ್ಟಿನ ಫಿಲೆ ಎಂಬ ದ್ವೀಪದ ದೇವಾಲಯದಲ್ಲಿದೆ. ಆಮೇಲೆ ಅದನ್ನು ಬರೆಯುವವರೂ ಇಲ್ಲ, ಓದುವವರೂ ಇಲ್ಲ.

1799ರಲ್ಲಿ ನೆಪೋಲಿಯನ್ನನ ಫ್ರೆಂಚ್ ಸೈನಿಕರು ನೈಲ್ ನದಿ ಸಮುದ್ರ ಸೇರುವ ಕಡೆ ರಶೀದ್ ಊರಿನ ಹತ್ತಿರ ಕೋಟೆ ರಿಪೇರಿ ಮಾಡುತ್ತಿದ್ದಾಗ ಒಂದು ಕಪ್ಪು ಕಲ್ಲು ಸಿಕ್ಕಿತು. ಯುರೋಪಿನವರು ಆ ಊರನ್ನು ರೊಸೆಟ್ಟಾ ಅನ್ನುತ್ತಿದ್ದರು, ಹಾಗಾಗಿ ಕಲ್ಲಿಗೂ ಅದೇ ಹೆಸರು. ಕ್ರಿ.ಪೂ. 196ರ ಒಂದೇ ಆಜ್ಞೆಯನ್ನು ಅದರ ಮೇಲೆ ಮೂರು ಬಗೆಯಲ್ಲಿ ಕೊರೆದಿದ್ದರು: ಹೈರೋಗ್ಲಿಫ್, ಡೆಮೋಟಿಕ್ ಎಂಬ ಓಡುಬರಹ, ಮತ್ತೆ ಗ್ರೀಕ್. ಗ್ರೀಕ್ ಓದಲು ಬರುತ್ತಿತ್ತು. ಬ್ರಿಟಿಷರು ಫ್ರೆಂಚರನ್ನು ಸೋಲಿಸಿ ಕಲ್ಲನ್ನು ಒಯ್ದರು. 1802ರಿಂದ ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಕಲ್ಲು ಸಿಕ್ಕಿದ ತಕ್ಷಣ ಬೀಗ ತೆರೆಯಲಿಲ್ಲ. 23 ವರ್ಷ ಬೇಕಾಯಿತು. ಇಂಗ್ಲೆಂಡಿನ ಥಾಮಸ್ ಯಂಗ್ ಕೆಲವು ಹೆಜ್ಜೆ ಇಟ್ಟ. ಪೂರ್ತಿ ದಾರಿ ಕಂಡವನು ಫ್ರಾನ್ಸಿನ ಜಾನ್ ಫ್ರಾಂಸ್ವಾ ಶಾಂಪೋಲಿಯೋ. ಅವನ ಬಳಿ ಒಂದು ದೊಡ್ಡ ಆಸ್ತಿ ಇತ್ತು. ಚಿಕ್ಕ ವಯಸ್ಸಿನಿಂದಲೇ ಅವನು ಕಾಪ್ಟಿಕ್ ಭಾಷೆಯನ್ನು ಹಟ ಹಿಡಿದು ಕಲಿತಿದ್ದ.

ಕಾಪ್ಟಿಕ್ ಅಂದರೆ ಬೇರೆ ಭಾಷೆಯಲ್ಲ, ಪ್ರಾಚೀನ ಈಜಿಪ್ಟಿನ ನುಡಿಯ ಕೊನೆಯ ರೂಪವೇ. ಈಜಿಪ್ಟಿನ ಕ್ರೈಸ್ತರು ಅದನ್ನು ಗ್ರೀಕ್ ಅಕ್ಷರಗಳಲ್ಲಿ, ಗ್ರೀಕಿನಲ್ಲಿ ಇಲ್ಲದ ಧ್ವನಿಗಳಿಗೆ ತಮ್ಮ ಹಳೆಯ ಓಡುಬರಹದ ಕೆಲವು ಅಕ್ಷರ ಸೇರಿಸಿಕೊಂಡು ಬರೆದರು. ಗ್ರೀಕ್ ಅಕ್ಷರಗಳಲ್ಲಿ ಸ್ವರಗಳಿವೆ. ಮೂರು ಸಾವಿರ ವರ್ಷ ಬರಹದಲ್ಲಿ ಕಾಣದಿದ್ದ ಸ್ವರಗಳು ಅಲ್ಲಿ ಮೊದಲ ಬಾರಿಗೆ ಪೂರ್ತಿಯಾಗಿ ಕಂಡವು. ಅರಬ್ಬರ ಆಳ್ವಿಕೆ ಬಂದ ಮೇಲೆ ನಿಧಾನವಾಗಿ ಅರಬ್ಬಿ ಮನೆಮಾತಾಯಿತು. 17ನೇ ಶತಮಾನದ ಹೊತ್ತಿಗೆ ಕಾಪ್ಟಿಕ್ ಆಡುವವರು ಹೆಚ್ಚುಕಡಿಮೆ ಉಳಿದಿರಲಿಲ್ಲ. ಆದರೆ ಚರ್ಚಿನ ಪ್ರಾರ್ಥನೆಯಲ್ಲಿ ಉಳಿಯಿತು. ಇವತ್ತಿಗೂ ಇದೆ.

1822ರ ಸೆಪ್ಟೆಂಬರಿನಲ್ಲಿ ಶಾಂಪೋಲಿಯೋ ಒಂದು ರಾಜನ ಹೆಸರು ನೋಡುತ್ತಿದ್ದ. ಮೊದಲು ಸೂರ್ಯನ ಚಿತ್ರ, ನಡುವೆ ಗಂಟು ಕಟ್ಟಿದ ತೊಗಲಿನಂಥ ಒಂದು ಗುರುತು, ಆಮೇಲೆ ಅವನಿಗೆ ಗೊತ್ತಿದ್ದ 'ಸ್' ಎಂಬ ಅಕ್ಷರ. ಸೂರ್ಯನಿಗೆ ಕಾಪ್ಟಿಕ್‌ನಲ್ಲಿ 'ರೇ'. ನಡುವಿನ ಗುರುತು ರೊಸೆಟ್ಟಾ ಕಲ್ಲಿನಲ್ಲೂ ಇತ್ತು, ಅಲ್ಲಿ ಗ್ರೀಕ್ ಪಾಠದಲ್ಲಿ 'ಹುಟ್ಟಿದ ದಿನ' ಎಂದಿತ್ತು. ಕಾಪ್ಟಿಕ್‌ನಲ್ಲಿ 'ಹೆರು' ಎನ್ನುವುದಕ್ಕೆ 'ಮಿಸೆ'. ಕೂಡಿಸಿ ಓದಿದ: ರಾ-ಮೆಸ್-ಎಸ್. ರಾಮ್ಸೆಸ್! ರಾ ದೇವರು ಹೆತ್ತವನು ಎಂಬ ಅರ್ಥದ ಹೆಸರು. ಸೆಪ್ಟೆಂಬರ್ 27ರಂದು ಅವನ ಶೋಧವನ್ನು ಪ್ಯಾರಿಸಿನ ಅಕಾಡೆಮಿಯಲ್ಲಿ ಓದಲಾಯಿತು.

ನಮಗೆ ಇಲ್ಲಿ ಹಿಡಿಸಿದ್ದು ಒಂದು ಸಂಗತಿ. ಬಾಗಿಲು ತೆರೆದದ್ದು ರಾಜರ ಪರಾಕ್ರಮದ ಪದವಲ್ಲ, ಪ್ರತಿ ಮನೆಯಲ್ಲೂ ಆಡುವ 'ಹೆರು' ಎಂಬ ಕ್ರಿಯಾಪದ. ಅದನ್ನು ಕಾಪಾಡಿಕೊಂಡು ಬಂದವರು ಅರ್ಥ ಅರ್ಧ ಮರೆತರೂ ಪ್ರಾರ್ಥನೆ ಬಿಡದ ಹಳ್ಳಿ, ಪಟ್ಟಣಗಳ ಸಾಮಾನ್ಯ ಜನ.

ಹಾವು ಮುಂದೆ ಬಂದದ್ದು

ಕಾಪ್ಟಿಕ್‌ನಲ್ಲಿ ನಮ್ಮ 'ಸೆಜೆಮ್' ಏನಾಗಿತ್ತು? 'ಸೋತೆಮ್' ಆಗಿತ್ತು. 'ಅವನು ಕೇಳಿದ' ಅನ್ನುವುದು 'ಅಫ್‌ಸೋತೆಮ್'. ಗಮನಿಸಿ, 'ಅವನು' ಎಂಬ 'ಫ್' ಹಳೆಯ ಭಾಷೆಯಲ್ಲಿ ಪದದ ಹಿಂದೆ ಇತ್ತು: ಸೆಜೆಮೆಫ್. ಈಗ ಮುಂದೆ ಬಂದಿದೆ.

ಇದು ಹೇಗಾಯಿತು ಎಂಬುದು ಕನ್ನಡಿಗರಿಗೆ ಬೇಗ ಅರ್ಥವಾಗುತ್ತದೆ. ನಾವು 'ಫೋನ್ ಮಾಡಿದ', 'ಡ್ರೈವ್ ಮಾಡಿದ', 'ಅಡ್ಜಸ್ಟ್ ಮಾಡಿಕೊಂಡ' ಅನ್ನುತ್ತೇವೆ. ಯಾವ ಪದ ಬಂದರೂ ಕಾಲ, ಲಿಂಗ, ವಚನದ ಭಾರವನ್ನೆಲ್ಲ 'ಮಾಡು' ಹೊರುತ್ತದೆ. ಈಜಿಪ್ಟಿನವರೂ ಕಾಲಕ್ರಮದಲ್ಲಿ 'ಕೇಳಿದ' ಎನ್ನುವ ಬದಲು 'ಕೇಳುವುದನ್ನು ಮಾಡಿದ' ಎಂದು ಹೇಳುವುದನ್ನು ರೂಢಿ ಮಾಡಿಕೊಂಡರು. 'ಮಾಡು' ಎಂಬ ಅವರ ಪದ ಮುಂದೆ ಬರುತ್ತಿತ್ತು, ಅದಕ್ಕೆ 'ಫ್' ಅಂಟಿಕೊಂಡಿತ್ತು. ಸಾವಿರ ವರ್ಷ ಉಜ್ಜಿ ಉಜ್ಜಿ 'ಮಾಡು' ಎಂಬುದು ಸವೆದು ಬರೀ 'ಅ' ಆಗಿ ಉಳಿಯಿತು. ಆ 'ಫ್' ಬರೆಯುವ ಕಾಪ್ಟಿಕ್ ಅಕ್ಷರ ಗ್ರೀಕಿನದಲ್ಲ. ಅದು ಹಳೆಯ ಹಾವಿನ ಚಿತ್ರವೇ, ಓಡುಬರಹದಲ್ಲಿ ಸಣ್ಣದಾಗಿ ಕೊಕ್ಕೆಯಂತಾದದ್ದು.

ಕಾಲ ಎಷ್ಟು ದೀರ್ಘ ನೋಡಿ. ನಮ್ಮ ಹಲ್ಮಿಡಿ ಶಾಸನದಿಂದ ಇವತ್ತಿಗೆ ಸುಮಾರು ಒಂದೂವರೆ ಸಾವಿರ ವರ್ಷ. ಅಷ್ಟರಲ್ಲೇ ಹಳಗನ್ನಡ ನಮಗೆ ಪಾಠ ಹೇಳಿಸಿಕೊಂಡು ಓದುವಂಥದ್ದಾಗಿದೆ. ಈಜಿಪ್ಟಿನ ನುಡಿಗೆ ಮೊದಲ ಬರಹದಿಂದ ಕಾಪ್ಟಿಕ್ ಮನೆಮಾತಾಗಿ ನಿಲ್ಲುವವರೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷ.

ಕಾಣದ ರೂಪಗಳನ್ನು ಕಂಡುಹಿಡಿದದ್ದು

ಅಕ್ಷರ ಓದಲು ಬಂದ ಮಾತ್ರಕ್ಕೆ ಅರ್ಥ ಸ್ಪಷ್ಟವಾಗುವುದಿಲ್ಲ. ಶಾಂಪೋಲಿಯೋ 1832ರಲ್ಲಿ 41ನೇ ವಯಸ್ಸಿಗೇ ತೀರಿಕೊಂಡ. ಕ್ರಿಯಾಪದದ ಗಂಟು ಬಿಡಿಸುವ ಕೆಲಸ ಮುಂದೆ ನೂರಕ್ಕೂ ಹೆಚ್ಚು ವರ್ಷ ನಡೆಯಿತು.

ಜರ್ಮನಿಯ ಅಡಾಲ್ಫ್ ಎರ್ಮನ್ ಮತ್ತು ಕುರ್ಟ್ ಸೇಥೆ ಎಲ್ಲ ಕ್ರಿಯಾಪದಗಳನ್ನೂ ಸಾಲಾಗಿಟ್ಟು ನೋಡಿದರು. 'ಸೆಜೆಮ್'ನಂಥ ಪದ ಎಲ್ಲ ಕಡೆ ಒಂದೇ ಥರ ಬರೆದಿರುತ್ತದೆ, ಏನೂ ಸುಳಿವು ಕೊಡುವುದಿಲ್ಲ. ಆದರೆ 'ಪ್ರೀತಿಸು', 'ಮಾಡು', 'ಕೊಡು'ವಿನಂಥ ಕೆಲವು ಪದಗಳು ಒಂದು ಕಡೆ 'ಮೆರ್' ಎಂದಿದ್ದರೆ ಇನ್ನೊಂದು ಕಡೆ 'ಮೆರೆರ್' ಎಂದು ವ್ಯಂಜನ ಇಮ್ಮಡಿಸಿಕೊಂಡು ನಿಲ್ಲುತ್ತವೆ. ಕನ್ನಡದಲ್ಲಿ 'ಬಾ' ಎಂಬುದು 'ಬಂದ', 'ಬರುತ್ತಾನೆ' ಎಂದು ರೂಪ ಬದಲಿಸಿ ತನ್ನ ಗುಟ್ಟು ತಾನೇ ಬಿಟ್ಟುಕೊಡುತ್ತದಲ್ಲ, ಹಾಗೆ. ಅಂದರೆ ಒಂದೇ ಥರ ಕಾಣುವ 'ಸೆಜೆಮೆಫ್' ಒಳಗೆ ಹಲವು ರೂಪಗಳು ಅಡಗಿವೆ, ಸ್ವರ ಬರೆಯದ ಕಾರಣ ಕಾಣುತ್ತಿಲ್ಲ ಎಂದಾಯಿತು.

ಇಲ್ಲ ಎನ್ನುವ ಮಾತಿನ ಕಥೆ ಇನ್ನೂ ಸೊಗಸಾಗಿದೆ. 'ಅವನು ಕೇಳಿದ' ಎನ್ನಲು 'ಸೆಜೆಮ್-ಎನ್-ಎಫ್' ಎಂಬ ರೂಪ ಇದೆ. ನಡುವಿನ 'ನ್' ಭೂತಕಾಲದ ಗುರುತು, ಅದನ್ನು ನೀರಿನ ಅಲೆಯ ಚಿತ್ರದಿಂದ ಬರೆಯುತ್ತಾರೆ. ಹಾಗಾದರೆ ಮುಂದೆ 'ಇಲ್ಲ' ಎಂಬ ಗುರುತು ಹಾಕಿದರೆ 'ಅವನು ಕೇಳಲಿಲ್ಲ' ಆಗಬೇಕಲ್ಲವೇ? ಆಗುವುದಿಲ್ಲ! 'ಅವನು ಕೇಳುವುದಿಲ್ಲ, ಅವನಿಗೆ ಕೇಳಲಾಗದು' ಎಂದಾಗುತ್ತದೆ. 'ಕೇಳಲಿಲ್ಲ' ಎನ್ನಲು ಆ 'ನ್' ತೆಗೆಯಬೇಕು. ಈ ನಿಯಮವನ್ನು 1924ರಲ್ಲಿ ಬ್ಯಾಟಿಸ್ಕೋಮ್ ಗನ್ ಎಂಬ ಇಂಗ್ಲಿಷ್ ವಿದ್ವಾಂಸ ಉದಾಹರಣೆಗಳನ್ನು ಕೂಡಿಟ್ಟು ತೋರಿಸಿದ. ವಿಚಿತ್ರ ಅನ್ನಿಸಿದರೆ ನಮ್ಮ ಮಾತನ್ನೇ ನೋಡಿ. 'ಕೇಳಿದ' ಎಂಬಲ್ಲಿ 'ದ' ಭೂತಕಾಲದ ಗುರುತು. 'ಕೇಳಲಿಲ್ಲ' ಎಂಬಲ್ಲಿ ಆ 'ದ' ಎಲ್ಲಿ ಹೋಯಿತು? ನಾವೂ ಇಲ್ಲ ಎನ್ನುವಾಗ ಅದನ್ನು ಬಿಟ್ಟುಬಿಡುತ್ತೇವೆ. ದಿನಾ ಆಡುತ್ತೇವೆ, ಗಮನಿಸಿರುವುದಿಲ್ಲ.

ಇಮ್ಮಡಿಸಿದ ಆ 'ಮೆರೆರ್' ರೂಪಗಳ ಕೆಲಸ ಏನು ಎಂಬ ಪ್ರಶ್ನೆಗೆ ಉತ್ತರ ಬಂದದ್ದು 1944ರಲ್ಲಿ. ಜೆರೂಸಲೇಮಿನಲ್ಲಿದ್ದ ಹಾನ್ಸ್ ಯಾಕೋಬ್ ಪೊಲೋಟ್ಸ್ಕಿ ಆ ವರ್ಷ ಕಾಪ್ಟಿಕ್ ವಾಕ್ಯರಚನೆಯ ಬಗ್ಗೆ ಒಂದು ಪುಸ್ತಕ ತಂದ. ಕಾಪ್ಟಿಕ್‌ನಲ್ಲಿ ಪ್ರತಿ ಕಾಲಕ್ಕೂ ಎರಡೆರಡು ರೂಪ ಯಾಕಿವೆ ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕಾಪ್ಟಿಕ್ ಬೈಬಲನ್ನು ಗ್ರೀಕ್ ಮೂಲದ ಜೊತೆ ಇಟ್ಟು ನೋಡಿ ಅವನು ಹೇಳಿದ್ದು: ಎರಡನೆಯ ರೂಪ ಬಂದಾಗ ವಾಕ್ಯದ ಒತ್ತು ಕ್ರಿಯಾಪದದ ಮೇಲೆ ಇರುವುದಿಲ್ಲ, ಎಲ್ಲಿ, ಯಾವಾಗ, ಹೇಗೆ ಎಂಬುದರ ಮೇಲೆ ಇರುತ್ತದೆ.

ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಸುತ್ತಿ ಬಳಸಿ ಹೇಳಬೇಕು. ಕನ್ನಡದಲ್ಲಿ ಒಂದು ಸಾಲು ಸಾಕು. 'ಅವನು ನಿನ್ನೆ ಬಂದ' ಬೇರೆ, 'ಅವನು ಬಂದದ್ದು ನಿನ್ನೆ' ಬೇರೆ. ಎರಡನೆಯದರಲ್ಲಿ ಬಂದ ವಿಷಯ ಆಗಲೇ ಗೊತ್ತಿದೆ, ಹೊಸ ಸುದ್ದಿ 'ನಿನ್ನೆ'. ಪೊಲೋಟ್ಸ್ಕಿ ಹೇಳಿದ್ದು ಇದನ್ನೇ. ಹಳೆಯ ಭಾಷೆಯ 'ಮೆರೆರ್' ಕೂಡ ನಮ್ಮ 'ಬಂದದ್ದು', 'ಕೇಳಿದ್ದು' ಎಂಬಂಥ ರೂಪ ಎಂದು ಅವನು ಮುಂದೆ ವಾದಿಸಿದ. ಅವನ ವಾದದ ಕೆಲವು ಭಾಗಗಳನ್ನು ಆಮೇಲಿನ ವಿದ್ವಾಂಸರು ತಿದ್ದಿದ್ದಾರೆ, ಚರ್ಚೆ ಇನ್ನೂ ನಡೆದಿದೆ. ಆದರೆ ಅವನ ನಂತರ ಹಳೆಯ ಅನುವಾದಗಳನ್ನು ಮತ್ತೆ ಕೂತು ನೋಡಬೇಕಾಯಿತು ಎಂಬುದು ನಿಜ.

ಅವನು ರೈತನೋ, ಅಲ್ಲವೋ?

ರೂಪದ ಕಥೆ ಹೀಗಾದರೆ, ಅರ್ಥದ ಕಥೆ ಏನು? ಎರ್ಮನ್ ಮತ್ತು ಸಂಗಡಿಗರು 1897ರಲ್ಲಿ ಬರ್ಲಿನ್ನಿನಲ್ಲಿ ಒಂದು ದೊಡ್ಡ ನಿಘಂಟಿನ ಕೆಲಸ ಶುರು ಮಾಡಿದರು. ಸಿಕ್ಕ ಪ್ರತಿ ಶಾಸನ, ಪ್ರತಿ ಪಪೈರಸ್ ಹಾಳೆಯ ವಾಕ್ಯಗಳನ್ನು ಚೀಟಿಗಳ ಮೇಲೆ ಬರೆದು, ಆ ಚೀಟಿಯ ನಕಲುಗಳನ್ನು ಅದರಲ್ಲಿರುವ ಒಂದೊಂದು ಪದದ ಪೆಟ್ಟಿಗೆಗೂ ಹಾಕಿದರು. ಚೀಟಿಗಳು ಸುಮಾರು 15 ಲಕ್ಷ ಆದವು. ಒಂದು ಪದದ ಅರ್ಥ ಬೇಕಾದರೆ ಅದರ ಪೆಟ್ಟಿಗೆ ತೆಗೆದು ಅದು ಎಲ್ಲೆಲ್ಲಿ, ಯಾರ ಬಾಯಲ್ಲಿ, ಯಾವ ಪದಗಳ ಜೊತೆ ಬಂದಿದೆ ಎಂದು ನೋಡುವುದು. ಮುಖ್ಯ 5 ಸಂಪುಟಗಳು 1926ರಿಂದ 1931ರ ನಡುವೆ ಅಚ್ಚಾದವು.

ಅಷ್ಟಾದರೂ ಎಲ್ಲ ಪದವೂ ಪಟ್ಟಾಗಿ ಕೂರುವುದಿಲ್ಲ. ಒಂದು ಉದಾಹರಣೆ ನಮಗೆ ಹತ್ತಿರದ್ದು. ಸುಮಾರು ಕ್ರಿ.ಪೂ. 1850ರ ಹೊತ್ತಿನ ಒಂದು ಕಥೆ ಇದೆ. ಇಂಗ್ಲಿಷಿನಲ್ಲಿ ಅದು 'ಮಾತುಬಲ್ಲ ರೈತ' ಎಂಬ ಅರ್ಥದ ಹೆಸರಿನಿಂದ ಪ್ರಸಿದ್ಧ. ಖುನಾನುಪ್ ಎಂಬವನು ಕತ್ತೆಗಳ ಮೇಲೆ ಸರಕು ಹೇರಿಕೊಂಡು ಕಾಳು ತರಲು ಹೊರಡುತ್ತಾನೆ. ದಾರಿಯಲ್ಲಿ ನೆಮ್ತಿನಖ್ತ್ ಎಂಬ ದರ್ಪದವನು ಕಿರಿದಾದ ಹಾದಿಗೆ ಬಟ್ಟೆ ಹಾಸುತ್ತಾನೆ. ಒಂದು ಕಡೆ ನೀರು, ಇನ್ನೊಂದು ಕಡೆ ಅವನ ಬಾರ್ಲಿ ಹೊಲ. ಹೊಲದ ಅಂಚಿನಲ್ಲಿ ಹೋಗುವಾಗ ಒಂದು ಕತ್ತೆ ಒಂದು ಬಾಯಿ ಪೈರು ತಿನ್ನುತ್ತದೆ. ಅದೇ ನೆಪ. ಕತ್ತೆಗಳನ್ನು ಕಿತ್ತುಕೊಂಡು ಹೊಡೆಯುತ್ತಾನೆ.

ಖುನಾನುಪ್ ರೆನ್ಸಿ ಎಂಬ ದೊಡ್ಡ ಅಧಿಕಾರಿಯ ಬಳಿ ದೂರು ಕೊಡುತ್ತಾನೆ. ಅವನ ಮಾತಿನ ಸೊಗಸಿಗೆ ಮರುಳಾದ ರಾಜ, ಏನೂ ಉತ್ತರ ಕೊಡಬೇಡ, ಅವನು ಮಾತಾಡುತ್ತಲೇ ಇರಲಿ, ಎಲ್ಲವನ್ನೂ ಬರೆಸಿ ಕಳಿಸು ಎಂದು ಗುಟ್ಟಾಗಿ ಹೇಳುತ್ತಾನೆ. ಅವನಿಗೂ ಅವನ ಮನೆಯವರಿಗೂ ಗುಟ್ಟಾಗಿ ಆಹಾರದ ವ್ಯವಸ್ಥೆಯೂ ಆಗುತ್ತದೆ. ಪಾಪ, ಇವನಿಗೇನು ಗೊತ್ತು? ಒಂಬತ್ತು ಸಲ ಮೊರೆ ಇಡುತ್ತಾನೆ. ಕೇಳುವ ಸ್ಥಾನದಲ್ಲಿ ಕೂತವನು ಕೇಳಬೇಕು ಎಂಬುದೇ ಅವನ ವಾದದ ತಿರುಳು. ಕೊನೆಗೆ ನ್ಯಾಯ ಸಿಗುತ್ತದೆ, ನೆಮ್ತಿನಖ್ತನ ಆಸ್ತಿಯೇ ಇವನ ಪಾಲಾಗುತ್ತದೆ.

ಕಥೆಯಲ್ಲಿ ಅವನನ್ನು 'ಸೆಖ್ತಿ' ಎಂದು ಕರೆದಿದೆ. 'ಸೆಖೆತ್' ಅಂದರೆ ಬಯಲು, ಹೊಲ. ಹಾಗಾಗಿ ಮೊದಲಿನವರು 'ರೈತ' ಎಂದರು. ಆದರೆ ಅವನ ಊರು ನೈಲ್ ದಡದಲ್ಲಿಲ್ಲ, ಮರುಭೂಮಿಯ ನಡುವಿನ ಉಪ್ಪಿನ ತಗ್ಗು ವಾದಿ ನತ್ರೂನ್. ಅವನ ಕತ್ತೆಗಳ ಮೇಲಿದ್ದದ್ದು ಕಾಡಿನ ಗಿಡಮೂಲಿಕೆ, ಖನಿಜ, ತೊಗಲು, ಹಕ್ಕಿ. ಇವನು ಉಳುವವನಲ್ಲ, ಬಯಲುಸೀಮೆಯ ಸರಕು ತಂದು ಕಾಳಿಗೆ ಬದಲಿಸಿಕೊಳ್ಳುವವನು ಎಂದು ಈಗ ಹಲವರು ಹೇಳುತ್ತಾರೆ. ಒಂದು ಪದದ ಅರ್ಥ ಬದಲಾದರೆ ಒಬ್ಬ ಮನುಷ್ಯನ ಬದುಕೇ ಬದಲಾಗುತ್ತದೆ. ದಡದ ರೈತ ಆಗಿದ್ದರೆ ಅವನು ತನ್ನ ಸೀಮೆಯಲ್ಲೇ ಅನ್ಯಾಯಕ್ಕೊಳಗಾದವನು. ಬಯಲಿನಿಂದ ಬಂದವನಾದರೆ ಊರವರ ಬೆಂಬಲವಿಲ್ಲದ ಹೊರಗಿನವನು, ಬಾಯಿ ಬಿಟ್ಟರೆ ಬೇರೆ ಆಸರೆ ಇಲ್ಲದವನು.

ಕರೆ ಕೇಳುವವರು

'ಸೆಜೆಮ್'ಗೆ ನಮ್ಮ 'ಕೇಳು'ವಿನ ಹಾಗೇ ಹಲವು ಅರ್ಥ. ಮಾತು ಕೇಳು ಅಂದರೆ ವಿಧೇಯನಾಗಿರು. ವ್ಯಾಜ್ಯ ಕೇಳು ಅಂದರೆ ನ್ಯಾಯ ತೀರ್ಮಾನ ಮಾಡು. ಮೊರೆ ಕೇಳುವವನು ಎಂದು ಪ್ತಾಹ್ ದೇವರಿಗೆ ಹೆಸರಿತ್ತು. ಜನ ಕಲ್ಲಿನ ಮೇಲೆ ಕಿವಿಗಳನ್ನು ಕೆತ್ತಿಸಿ ಆ ದೇವರ ಗುಡಿಗೆ ಒಪ್ಪಿಸುತ್ತಿದ್ದರು. ಮೆಂಫಿಸ್ ಎಂಬಲ್ಲಿ ಅಂಥ ಕಲ್ಲುಗಳು ಬಹಳ ಸಿಕ್ಕಿವೆ.

ಇದೇ ಪದದಿಂದ ಒಂದು ಕೆಲಸದ ಹೆಸರೂ ಆಯಿತು: 'ಸೆಜೆಮ್-ಅಶ್', ಅಂದರೆ ಕರೆ ಕೇಳುವವನು, ಆಳು. ರಾಜರ ಗೋರಿ ಕೊರೆಯುತ್ತಿದ್ದ ಕೆಲಸಗಾರರು ಈಗ ದೇರ್ ಎಲ್ ಮದೀನಾ ಎಂದು ಕರೆಯುವ ಹಳ್ಳಿಯಲ್ಲಿ ಇದ್ದರು. ಅವರಿಗೆ 'ಸತ್ಯದ ಸ್ಥಳದಲ್ಲಿ ಕರೆ ಕೇಳುವವರು' ಎಂದೇ ಹೆಸರು. ಕೂಲಿ ಕಾಳಿನ ರೂಪದಲ್ಲಿ. ಒಬ್ಬನಿಗೆ ತಿಂಗಳಿಗೆ 4 ಚೀಲ ಗೋಧಿ, ಒಂದೂವರೆ ಚೀಲ ಬಾರ್ಲಿ. ಮೂರನೇ ರಾಮ್ಸೆಸ್ ಆಳ್ವಿಕೆಯ 29ನೇ ವರ್ಷ, ಅಂದರೆ ಸುಮಾರು ಕ್ರಿ.ಪೂ. 1157ರಲ್ಲಿ, ಕಾಳು ಬರುವುದು ತಡವಾಯಿತು. ಅವರು ಕೆಲಸ ಬಿಟ್ಟು, ಕಾವಲು ಗೋಡೆ ದಾಟಿ, ಒಂದು ದೇವಾಲಯದ ಹಿಂದೆ ಹೋಗಿ ಕೂತರು. ಹಸಿವಾಗಿದೆ, ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನು, ತರಕಾರಿ ಇಲ್ಲ, ರಾಜನಿಗೆ ಬರೆಯಿರಿ ಎಂದರು. ನಮಗೆ ದಾಖಲೆ ಸಿಕ್ಕಿರುವ ಮೊದಲ ಮುಷ್ಕರ ಇದು. ಬರೆದಿಟ್ಟ ಪಪೈರಸ್ ಇಟಲಿಯ ಟೂರಿನ್ ಮ್ಯೂಸಿಯಮ್ಮಿನಲ್ಲಿದೆ. ಆ ಸಲ ಹಿಂದಿನ ತಿಂಗಳ ಬಾಕಿ ಕಾಳು ಸಿಕ್ಕಿತು.

ಕರೆ ಕೇಳುವುದೇ ಕೆಲಸವಾಗಿದ್ದ ಜನ ಒಂದು ದಿನ ತಮ್ಮ ಕರೆಯನ್ನೂ ಕೇಳಿ ಎಂದರು. ಇದನ್ನು ನಾವು ಇವತ್ತು ಓದಬಲ್ಲೆವು ಅಂದರೆ ಆ 15 ಲಕ್ಷ ಚೀಟಿ, ಆ 'ನ್', ಆ ಹಾವು, ಇವುಗಳ ಹಿಂದೆ ಬಿದ್ದವರ ಶ್ರಮ.

ಒಂದು ಎಚ್ಚರಿಕೆ, ನಮ್ಮ ಕಡೆಯದ್ದು

ಈಜಿಪ್ಟಿನ ನುಡಿಯಲ್ಲಿ 'ಅಂಖ್' ಅಂದರೆ ಬದುಕು, ಮುಂದೆ 'ಸ್' ಸೇರಿಸಿ 'ಸಂಖ್' ಅಂದರೆ ಬದುಕಿಸು. ಕನ್ನಡದಲ್ಲೂ 'ಇಸು' ಸೇರಿಸಿದರೆ ಬದುಕಿಸು! ಇದನ್ನು ನೋಡಿ ಕನ್ನಡವೇ ಈಜಿಪ್ಟಿಗೆ ಹೋಯಿತು ಎಂದು ಯಾರಾದರೂ ಫಾರ್ವರ್ಡ್ ಮಾಡಿದರೆ ನಂಬಬೇಡಿ. ಇದು ಆಕಸ್ಮಿಕ ಹೋಲಿಕೆ. ಈಜಿಪ್ಟಿನ ನುಡಿಯ ನೆಂಟರು ಅರಬ್ಬಿ, ಹೀಬ್ರೂ, ಸೋಮಾಲಿ, ಹೌಸಾ ಮುಂತಾದವು. ಮೇಲೆ ನಾವು ಕೊಟ್ಟ ಕನ್ನಡದ ಉದಾಹರಣೆಗಳೂ ಅರ್ಥವಾಗಲಿ ಎಂದು ಕೊಟ್ಟವು, ನೆಂಟಸ್ತಿಕೆ ತೋರಿಸಲು ಅಲ್ಲ.

ಈಜಿಪ್ಟಿನ ಮರಳಿನಲ್ಲಿ ಕನ್ನಡ ಸಿಕ್ಕಿತು ಎಂಬ ಮಾತು ಇದೆ, ಅದರ ಹಿನ್ನೆಲೆ ಬೇರೆ. ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ 2ನೇ ಶತಮಾನದ ಒಂದು ಗ್ರೀಕ್ ಪ್ರಹಸನದಲ್ಲಿ ಭಾರತದ ಕರಾವಳಿಯ ಪಾತ್ರಗಳು ಗ್ರೀಕ್ ಅಲ್ಲದ ಮಾತಾಡುತ್ತವೆ. 1904ರಲ್ಲಿ ಶಾಸನತಜ್ಞ ಹುಲ್ಟ್ಜ್ ಅದು ಕನ್ನಡ ಇರಬಹುದೆಂದು ಬರೆದರು. ಆರ್. ಶಾಮಾಶಾಸ್ತ್ರಿ, ಗೋವಿಂದ ಪೈ ಅವರೂ ಅದನ್ನು ಓದಲು ಯತ್ನಿಸಿದರು. ತುಳು ಎಂದವರಿದ್ದಾರೆ, ಎರಡೂ ಅಲ್ಲ ಎಂದವರೂ ಇದ್ದಾರೆ. ತೀರ್ಮಾನ ಆಗದಿರಲು ಕಾರಣ ಈ ಲೇಖನ ಓದಿದವರಿಗೆ ಈಗ ಗೊತ್ತು. ಒಂದು ಪದದ ಅರ್ಥ ಗಟ್ಟಿಯಾಗಬೇಕಾದರೆ ಅದು ಹತ್ತಾರು ಕಡೆ, ಬೇರೆ ಬೇರೆ ಮಾತಿನ ನಡುವೆ ಸಿಗಬೇಕು. ಅಲ್ಲಿ ಇರುವುದು ಕೆಲವೇ ಸಾಲು.

ಉಳಿದದ್ದು

ಈಜಿಪ್ಟಿನ ಹಳ್ಳಿಗಳಲ್ಲಿ ಈಗ ಅರಬ್ಬಿ. ಆದರೆ ನಮ್ಮ ಕಡೆ ರೋಹಿಣಿ ಮಳೆ, ಮೃಗಶಿರ ಮಳೆ ಎಂದು ಲೆಕ್ಕ ಹಾಕುವಂತೆ ಅಲ್ಲಿನ ರೈತರು ಬಿತ್ತನೆ, ಚಳಿ, ಗಾಳಿಗೆ ಹಳೆಯ ಕಾಪ್ಟಿಕ್ ತಿಂಗಳುಗಳನ್ನೇ ಹೇಳುತ್ತಾರೆ. ಅದರಲ್ಲಿ 'ಹಾತೂರ್' ಎಂಬ ತಿಂಗಳು ಹಾಥೋರ್ ದೇವಿಯ ಹೆಸರು. ಹಸಿ ಇಟ್ಟಿಗೆಗೆ ಪ್ರಾಚೀನರು 'ಜೆಬೆತ್' ಅನ್ನುತ್ತಿದ್ದರು. ಅದು ಕಾಪ್ಟಿಕ್ ದಾಟಿ ಅರಬ್ಬಿಯಲ್ಲಿ 'ತೂಬ್' ಆಗಿ, ಸ್ಪೇನಿಗೆ ಹೋಗಿ 'ಅಡೋಬೆ' ಆಯಿತು. ಇವತ್ತು ಮಣ್ಣಿನ ಮನೆ ಕಟ್ಟುವವರು ಲೋಕದ ಎಷ್ಟೋ ಕಡೆ ಈ ಪದ ಆಡುತ್ತಾರೆ.

ಫೆರೋಗಳ ಬಿರುದುಗಳು ಬಹುಪಾಲು ಯಾರ ಬಾಯಲ್ಲೂ ಉಳಿಯಲಿಲ್ಲ. ತಿಂಗಳ ಹೆಸರು, ಇಟ್ಟಿಗೆಯ ಹೆಸರು, ಚರ್ಚಿನ ಪ್ರಾರ್ಥನೆಯಲ್ಲಿ 'ಸೋತೆಮ್' ಉಳಿದವು. ಮುಂದಿನ ಸಲ ಅಜ್ಜಿಯೋ, ತಾತನೋ ನಿಮಗೆ ಗೊತ್ತಿಲ್ಲದ ಒಂದು ಪದ ಆಡಿದರೆ, ಹಾಗಂದರೇನು ಎಂದು ಕೇಳಿ. ಯಾವಾಗ ಹಾಗನ್ನುತ್ತಾರೆ ಎಂದೂ ಕೇಳಿ. ಫೋನಿನಲ್ಲಿ ಅವರ ದನಿಯಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ. ನಿಮ್ಮ ಬಳಿ ಇರುವ ಆ ಫೋನಿಗೆ ಸ್ವರಗಳೂ ಕೇಳಿಸುತ್ತವೆ.